ಕಸ ಬೀಳದ ಗಿಡ

ಅವ್ವಾ,

ನೀನಿದ್ದಿದ್ದರೆ ಇವತ್ತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮುಂಡರಗಿಯ ನೇತ್ರಾ ಮೇಡಂ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ್ದಾರೆ. ಸುತ್ತ ಹಚ್ಚಲು ಕಸ ಬೀಳದ ಗಿಡ ಬೇಕೆಂದು ನಮ್ಮ ನರ್ಸರಿಗೆ ಬಂದಿದ್ದರು.

"ಬೇವು ಬ್ಯಾಡ್ರಿ. ಶಿವರಾತ್ರಿಗೆ ಎಲಿ, ಯುಗಾದಿಗೆ ಹೂವು, ಆಮ್ಯಾಲ ಹಣ್ಣು, ನೀರೆಲ್ಲಾ ಹೊಲಸಾಗತೈತಿ. ಪಾಮ್ ಹಚ್ಚರಿ, ಗರಿ ಒಣಗಿದ್ರ ಒಂದ ಕೈಲೆ ಎತ್ತಿ ಒಗೀಬಹುದು," ಎಂದೆ.

"ಇಷ್ಟೆಲ್ಲಾ ಯಾರ್ ಕಲಿಸ್ಯಾರ್ರಿ ನಿಮಗ?"

"ನಮ್ಮವ್ವರಿ. ದಿನಾ ಮುಂಜಾನೆ ಬೇವಿನ ಕೆಳಗ ಕಸಾ ಹೊಡೀತಿದ್ಲು."

ಆಗ ನಾನು ಅಲ್ಲೇ ಹೊರಸಿನ ಮೇಲೆ ಮಲಗಿರುತ್ತಿದ್ದೆ ಎಂದು ಹೇಳಲಿಲ್ಲ.

ಸಂಜೆ ಮನೆಗೆ ಬಂದು ನಾನೇ ಕಸಬರಿಗೆ ಹಿಡಿದೆ. ಗುಡಿಸಿ ತಿರುಗಿದರೆ ಮತ್ತೆ ಎಲೆ! "ಹೆಂಗ ಬಿದ್ಕೊಂಡೈತಿ ನೋಡ!" ಎಂದು ನಿನ್ನಂತೆಯೇ ಬೈದೆ. ನೀನು ಬೈಯುತ್ತಿದ್ದುದು ಎಲೆಗಳಿಗಷ್ಟೇ ಅಲ್ಲ ಎಂದು ಆಗ ತಿಳಿಯಿತು.