ನಡೆಯುವವರಿಗೆ ಒನ್ ವೇ ಇಲ್ಲ

ಮಾರ್ಚ್ 4, ಬೆಳಗ್ಗೆ

ಎದ್ದೆ. ಹಾಸಿಗೆಯ ಆ ಪಕ್ಕ ಖಾಲಿ. ಇವತ್ತೂ ಹೋಗಿದ್ದಾಳೆ. ನನ್ನ ಕಾಫಿ ಫ್ಲಾಸ್ಕಿನಲ್ಲಿ. ಲಾರಿ ಓಡಿಸುತ್ತಿದ್ದ ಅಷ್ಟೂ ವರ್ಷ ಹೊರಡುವಾಗ ಫ್ಲಾಸ್ಕು ತುಂಬಿ ಕೈಗೆ ಕೊಡುತ್ತಿದ್ದವಳು. ಫ್ಲಾಸ್ಕು ದಾರಿಗೆ ಹೋಗುವವರಿಗೆ. ಮನೆಯಲ್ಲಿ ಬಿದ್ದುಕೊಂಡವನಿಗೆ ಯಾಕೆ?

ನಾದಿನಿಯನ್ನು ಕೇಳಿದೆ. ಅವಳ ಮನೆಯಲ್ಲೇ ಇಳಿದುಕೊಂಡಿದ್ದೇವೆ, ಮೂರನೇ ಮಹಡಿ.

“ಅಕ್ಕ ಪೋಸ್ಟಣ್ಣನ ಜೊತೆ ವಾಕಿಂಗ್ ಹೋದ್ಲು ಭಾವ. ನಿಮ್ಮನ್ನೂ ಎಬ್ಬಿಸೋಣ ಅಂದೆ. ಬೇಡ, ಬೈತಾರೆ ಅಂದ್ಲು.”

ನಾನು ಬೈಯುತ್ತೇನಂತೆ! ಬೈದೆ. ಕಾಫಿಯನ್ನೂ ಸೇರಿಸಿ ಬೈದೆ. ಈ ಊರ ಲಾರಿ ಸ್ಟ್ಯಾಂಡಿನ ಟೀ ಅಂಗಡಿಯವಳ ಕೈ ಟೀ ಕುಡಿದವನಿಗೆ ಇದೆಲ್ಲ ಇಳಿಯುವುದಿಲ್ಲ ಎಂದೆ. ನಾದಿನಿ ನಕ್ಕಳು. “ಅಕ್ಕನ ಎದುರಿಗೆ ಹೇಳ್ಬೇಡಿ ಆ ಮಾತು.”

ಪೋಸ್ಟಣ್ಣ ಕೆಳಗಿನ ಮನೆಯವನು. ರಿಟೈರಾದ ಪೋಸ್ಟ್‌ಮ್ಯಾನ್. ಪರಿಚಯವಾಗಿ ಮೂರು ದಿನ, ಆಗಲೇ ಅಣ್ಣ! ನನಗಿಂತ ದೊಡ್ಡವನಂತೆ. ಹಲ್ಲು ಒಂದೂ ಬಿದ್ದಿಲ್ಲ. ಹೆಂಡತಿ ಇಲ್ಲ. ಅದನ್ನು ಯಾರೂ ಕೇಳದಿದ್ದರೂ ಹೇಳುತ್ತಾನೆ.

ಅದೇ ದಿನ, ಮಧ್ಯಾಹ್ನ

ರೈಲಿನಲ್ಲಿ ಬಂದದ್ದೇ ತಪ್ಪು. ಪಕ್ಕದಲ್ಲೇ ಹೈವೇ ಓಡುತ್ತಿತ್ತು, ನಾನು ಸವೆಸಿದ ರಸ್ತೆ. ನಾನು ಕಿಟಕಿ ಪಕ್ಕ ಕಡಲೆಕಾಯಿ ಸುಲಿಯುತ್ತ ಕೂತಿದ್ದೆ, ಯಾರೋ ಎಳೆದುಕೊಂಡು ಹೋಗುತ್ತಿದ್ದ ಲಗೇಜಿನ ಹಾಗೆ. “ಇಲ್ಲಿ ಲಾರಿ ಸ್ಟ್ಯಾಂಡ್ ಎಲ್ಲಿ ಬರತ್ತೆ?” ಎಂದು ಇವಳು ಕೇಳಿದಳು. ಅದೇನು ನೋಡುವ ಜಾಗವಾ ಎಂದು ಗದರಿಸಿದೆ. ಬಿದ್ದ ಸಿಪ್ಪೆ ಆಯತೊಡಗಿದಳು.

ಈ ಊರಿಗೆ ಎಷ್ಟು ಲೋಡು ತಂದಿದ್ದೇನೋ ಲೆಕ್ಕವಿಲ್ಲ. ಆದರೆ ಲಾರಿಗೆ ಊರೊಳಗೆ ಪ್ರವೇಶವಿರಲಿಲ್ಲ. ರಿಂಗ್ ರೋಡಿನ ಸ್ಟ್ಯಾಂಡಿನಲ್ಲೇ ಇಳಿಸಿ, ಅಲ್ಲೇ ಮಲಗಿ, ಹಾಗೇ ವಾಪಸ್. ಒಳಗಿನ ಊರು ಕಂಡದ್ದು ಈ ವಾರ. ನಡುವೂರಿಗೆ ಕಾರನ್ನೂ ಬಿಡುವುದಿಲ್ಲ. ಕಲ್ಲು ಹಾಸಿದ ಬೀದಿ, ಎಲ್ಲರೂ ಕಾಲ್ನಡಿಗೆ. ಡ್ರೈವರನಿಗೆ ಇಂಥ ಊರಲ್ಲಿ ಏನು ಕೆಲಸ?

ಮೊದಲ ದಿನ ನಾನೂ ಹೋಗಿದ್ದೆ. ಪೋಸ್ಟಣ್ಣ ಮುಂದೆ, ಪಕ್ಕದಲ್ಲಿ ಇವಳು, ಹಿಂದೆ ನಾನು. ಸಿಕ್ಕ ಬೆಂಚಿನಲ್ಲೆಲ್ಲ ಕೂತೆ.

“ಸುಸ್ತಾಯ್ತಾ ಯಜಮಾನ್ರೇ?”

“ಇಲ್ಲ. ಬೆಂಚು ಗಟ್ಟಿ ಇದೆಯಾ ನೋಡ್ತಿದ್ದೆ.”

ಇವಳು ನಕ್ಕಳು. ನನ್ನ ಮಾತಿಗೋ, ಅವನ ಜೊತೆ ಸೇರಿಕೊಂಡೋ...

ಮಾರ್ಚ್ 6

ದಿನದಿಂದ ದಿನಕ್ಕೆ ತಡ. ಇವತ್ತು ಬಂದಾಗ ತಿಂಡಿ ಆರಿತ್ತು. ಮುಖ ಕೆಂಪಗೆ. ಮೊಣಕಾಲು ನೋವು ಅಂತ ಊರಲ್ಲಿ ಮೆಟ್ಟಿಲು ಹತ್ತದವಳು ಇವಳೇನಾ?

“ಎಲ್ಲಿಗೆ ಹೋಗಿದ್ದೆ?”

“ಸುಮ್ನೆ. ಕಾಲುವೆ ಕಡೆ.”

“ಅಲ್ಲೇನಿದೆ?”

“ಕಾಲುವೆಯಲ್ಲಿ ಏನಿರತ್ತೆ? ನೀರು.”

ಹಿಮ್ಮಡಿಗೆ ಪಟ್ಟಿ ಅಂಟಿಸಿತ್ತು. ಬೊಬ್ಬೆ ಎದ್ದಿತ್ತಂತೆ. ಪೋಸ್ಟಣ್ಣನ ಜೇಬಿನಲ್ಲಿ ಪಟ್ಟಿ ಇತ್ತಂತೆ. ಯಾವ ಗಂಡಸು ಜೇಬಿನಲ್ಲಿ ಪಟ್ಟಿ ಇಟ್ಟುಕೊಂಡು ತಿರುಗುತ್ತಾನೆ? ಯಾರ ಕಾಲಿಗೆ ಕಾಯುತ್ತಿದ್ದ?

ಅಂಟಿಸಿದ್ದು ಯಾರು ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಮಾರ್ಚ್ 7

ಅದೇ ಯೋಚನೆ. ಬರೆಯುವುದಿಲ್ಲ.

ಮಾರ್ಚ್ 8, ಮಧ್ಯಾಹ್ನ

ಬೆಳಗ್ಗೆ ನಿದ್ದೆ ಬಂದವನ ಹಾಗೆ ಮಲಗಿದ್ದೆ. ಬಾಗಿಲು ಮುಚ್ಚಿದ ಸದ್ದಾಯಿತು. ಎದ್ದು ಹಿಂದೆಯೇ ಹೊರಟೆ. ಚೌಕದವರೆಗೂ ಇಬ್ಬರೂ ಕಣ್ಣಿಗೆ ಬೀಳುತ್ತಿದ್ದರು. ಅವನು ಕೈ ಆಡಿಸುತ್ತ ಮಾತು, ಇವಳು ತಲೆ ಆಡಿಸುತ್ತ ನಗು. ಆಮೇಲೆ ನಡುವೂರು ದಾಟಿ, ಗಾಡಿ ಓಡಾಡುವ ಕಡೆಯ ಒಂದು ಗಲ್ಲಿಗೆ ನುಗ್ಗಿದರು. ನಾನೂ ನುಗ್ಗಬೇಕು — ಗಲ್ಲಿಯ ಬಾಯಲ್ಲಿ, ಹೂವಿನ ಅಂಗಡಿಯ ಪಕ್ಕ, ಕೆಂಪು ಬೋರ್ಡು. ನೋ ಎಂಟ್ರಿ.

ಕಾಲು ನಿಂತುಬಿಟ್ಟಿತು. ಒಂದು ಸಲವೂ ಫೈನ್ ಕಟ್ಟದ ಕಾಲು. ಎಡಕ್ಕೆ ಹೊರಳಿದೆ, ಸುತ್ತಿ ಬಂದು ಆ ತುದಿಯಲ್ಲಿ ಹಿಡಿಯೋಣವೆಂದು. ಅಲ್ಲಿ ಇನ್ನೊಂದು ಬೋರ್ಡು. ಮತ್ತೆ ಎಡಕ್ಕೆ. ಸುತ್ತಿ ಸುತ್ತಿ ಅದೇ ಹೂವಿನ ಅಂಗಡಿಯ ಮುಂದೆ ಬಂದು ನಿಂತೆ.

ಬಾಗಿಲು ಗುಡಿಸುತ್ತಿದ್ದ ಅಂಗಡಿಯವಳು, “ಏನು ಹುಡುಕ್ತಿದ್ದೀರಿ ತಾತ?”

“ಈ ಒನ್ ವೇ ಎಲ್ಲಿ ಬಿಡತ್ತೆ?”

“ಗಾಡಿ ಎಲ್ಲಿದೆ?”

“ಗಾಡಿ ಇಲ್ಲ.”

ನನ್ನ ಕಾಲು ನೋಡಿದಳು. ಮುಖ ನೋಡಿದಳು. ಪೊರಕೆಗೆ ಒರಗಿಕೊಂಡು ನಕ್ಕಳು. “ನಡೆಯೋರಿಗೆ ಒನ್ ವೇ ಇಲ್ಲ ತಾತ!”

ಅಷ್ಟು ಹೊತ್ತಿಗೆ ಅವರು ಎಲ್ಲೋ. ನಾನು ಎಲ್ಲೋ. ದಾರಿ ಕೇಳುವ ಅಭ್ಯಾಸ ನನಗಿಲ್ಲ. ಕಂಡ ಬೀದಿಯಲ್ಲೆಲ್ಲ ನಡೆದು, ಕೊನೆಗೆ ಒಂದು ಕಟ್ಟೆಯ ಮೇಲೆ ಕುಸಿದು ಕೂತೆ. ನಾನು ಮನೆಯಲ್ಲಿಲ್ಲವೆಂದು ಹುಡುಕಿಕೊಂಡು ಬಂದರಂತೆ. ಪತ್ತೆ ಹಚ್ಚಿದ್ದು ಯಾರು? ಅವನೇ. ಇಡೀ ಊರಿಗೆ ಕಾಗದ ಹಂಚಿದವನಿಗೆ ನಾನು ಯಾವ ಲೆಕ್ಕ?

“ನಮ್ಮ ಹಿಂದೆ ಬಂದ್ರಾ?” ಇವಳು ಕೇಳಿದಳು.

“ಕನ್ನಡಕ ರಿಪೇರಿಗೆ ಬಂದೆ.”

“ಮೂಗಿನ ಮೇಲೇ ಇದೆ. ಚೆನ್ನಾಗೇ ಇದೆ.”

ಪೋಸ್ಟಣ್ಣ ಮೊಣಕೈ ಹಿಡಿದು ಎಬ್ಬಿಸಿದ. ಕೊಡವಿಕೊಂಡೆ. ಮತ್ತೆ ಹಿಡಿದ. ಏಳಲು ಆಗಿರಲಿಲ್ಲ.

ಅದೇ ದಿನ, ಸಂಜೆ

ಜಗಳ. ಅವನ ಜೊತೆಗೇ ಇದ್ದುಬಿಡು, ನಾನು ಊರಿಗೆ ಹೋಗುತ್ತೇನೆ ಎಂದೆ. ನಾದಿನಿ ಅಡುಗೆಮನೆಯಲ್ಲಿ ನಲ್ಲಿ ಜೋರು ಮಾಡಿದಳು, ಕೇಳಿಸದ ಹಾಗೆ.

ಇವಳು ಒಣಗಿದ ಬಟ್ಟೆ ಮಡಿಸುತ್ತಲೇ ಇದ್ದಳು. ನನ್ನ ಅಂಗಿ ಮುಗಿಯಿತು. ಆಮೇಲೆ ಬಾಯಿ ಬಿಟ್ಟಳು.

“ಲಾರಿ ಸ್ಟ್ಯಾಂಡಿಗೆ ದಾರಿ ಹುಡುಕ್ತಿದ್ವಿ. ನಿಮ್ಮನ್ನ ಕೇಳಿದೆ, ಬೈದ್ರಿ. ಅವರನ್ನ ಕೇಳಿದೆ, ಅವರಿಗೆ ಗೊತ್ತಿಲ್ಲ. ಅಲ್ಲಿಗೆ ಯಾರೂ ಕಾಗದ ಬರೀತಿರ್ಲಿಲ್ವಂತೆ. ಕಾಲುವೆ ದಂಡೆ ಹಿಡಿದ್ರೆ ಸಿಗಬಹುದು ಅಂದ್ರು. ದಿನಾ ಒಂದಿಷ್ಟು ಮುಂದೆ ಹೋಗ್ತಿದ್ವಿ.”

“ಅಲ್ಲೇನಿದೆ ನಿನಗೆ?”

“ಆ ಟೀಯವಳು.”

ಬಟ್ಟೆ ಕೆಳಗಿಟ್ಟಳು.

“ಲಾರಿ ಇಳಿದು ಮನೆಗೆ ಬಂದಾಗೆಲ್ಲ, ಮೊದಲ ದಿನ ಅವಳ ಟೀ ಮಾತು. ಎರಡನೇ ದಿನ ಅವಳ ಟೀ. ಮೂರನೇ ದಿನ ನೀವೇ ಇರ್ತಿರ್ಲಿಲ್ಲ. ನನ್ನ ಕೈ ಕಾಫಿಗೆ ಒಂದು ದಿನ ಒಂದು ಮಾತು ಹೇಳಿದ್ದೀರಾ? ಎಷ್ಟು ವರ್ಷ ಹೊಟ್ಟೆ ಉರ್ಕೊಂಡಿದ್ದೀನಿ ಗೊತ್ತಾ? ಒಂದು ಸಲ ಅವಳ ಮುಖ ನೋಡ್ಬೇಕು. ಅಷ್ಟೇ.”

 ನಾಲ್ಕು ದಿನ ನಾನು ಉರಿದದ್ದು ಇವಳ ಉರಿಯ ಮುಂದೆ ಬೀಡಿಯ ಕಿಡಿ.

“ಬಸ್ಸಲ್ಲಿ ಹೋಗಬಹುದಿತ್ತಲ್ಲ?”

“ಅವಳ ಮುಂದೆ ಬಸ್ಸಿಂದ ಇಳಿದು ಕುಂಟ್ಕೊಂಡು ನಿಲ್ಲಲಾ? ನಡ್ಕೊಂಡೇ ಹೋಗ್ಬೇಕು, ನೆಟ್ಟಗೆ.”

ಮಾರ್ಚ್ 10, ಬೆಳಗ್ಗೆ

ಇವತ್ತು ಲಾರಿ ಸ್ಟ್ಯಾಂಡಿಗೆ ನಾನೂ ಹೊರಟಿದ್ದೇನೆ. ನಿನ್ನೆ ನನಗೂ ಬೂಟು ತಂದಳು. ಪೋಸ್ಟಣ್ಣ ಕಾಲುವೆ ಮುಗಿಯುವವರೆಗೆ ಬರುತ್ತಾನಂತೆ. “ಅಲ್ಲಿಂದಾಚೆ ನೀವೇ ಕರ್ಕೊಂಡು ಹೋಗಿ ಯಜಮಾನ್ರೇ” ಎಂದ. ಹೋಗಲಿ, ಬರಲಿ. ಜೇಬಿನಲ್ಲಿ ಪಟ್ಟಿ ಇರುತ್ತದೆ. ಈ ಸಲ ನಾನೇ ಅಂಟಿಸುತ್ತೇನೆ.

ಆ ಟೀಯವಳು ಆಗಲೇ ಹಣ್ಣು ಮುದುಕಿ. ನಮ್ಮಮ್ಮನಿಗಿಂತ ದೊಡ್ಡವಳು. ಬಾಯಲ್ಲಿ ಎರಡು ಹಲ್ಲು, ಬೈಗುಳ ಮಾತ್ರ ಬಾಯಿ ತುಂಬ. ಈಗ ಇದ್ದಾಳೋ ಇಲ್ಲವೋ. ನಿನ್ನೆ ರಾತ್ರಿ ಇದನ್ನು ಹೇಳಲೆಂದೇ ಇವಳ ಕಡೆ ಹೊರಳಿದೆ. ಮಲಗಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದಳು. ಹೇಳಲಿಲ್ಲ.

ಈಗ ಕನ್ನಡಿ ಮುಂದೆ ನಿಂತಿದ್ದಾಳೆ. ಆಗಿನಿಂದ ನಿಂತಿದ್ದಾಳೆ. ತಲೆ ಬಾಚಿ, ಬಿಚ್ಚಿ, ಮತ್ತೆ ಬಾಚುತ್ತಿದ್ದಾಳೆ. ತಂಗಿಯ ಒಳ್ಳೆ ಶಾಲು ಹೊದ್ದಿದ್ದಾಳೆ. ಪೋಸ್ಟಣ್ಣನ ಜೊತೆ ಹೋಗುವಾಗ ಇಷ್ಟು ಹೊತ್ತು ನಿಂತಿರಲಿಲ್ಲ. ಸುಳ್ಳಲ್ಲ, ನಾದಿನಿಯನ್ನು ಕೇಳಿದೆ.

ಮೇಜಿನ ಮೇಲೆ ಫ್ಲಾಸ್ಕು, ತುಂಬಿದ್ದು. ಪಕ್ಕದಲ್ಲಿ ಎರಡು ಲೋಟ. ಮೂರಲ್ಲ.

ಹೇಳಿಬಿಡಲೇ? ಕಾಲುವೆ ಮುಗಿಯುವವರೆಗೆ ಉರಿಯಲಿ. ನನಗಾಗಿ ಒಬ್ಬಳು ಇಷ್ಟು ಚೆಂದ ತಲೆ ಬಾಚಿಕೊಳ್ಳುವುದನ್ನು ಇನ್ನು ಯಾವಾಗ ನೋಡು—

ಕೂಗಿದಳು. ಲೇಸು ಇನ್ನೂ ಕಟ್ಟಿ—