ಎರಡು ಬಾಟಲಿ ಹಿಡಿಸುವ ಮೇಜು

ಫಲಪುಷ್ಪ ಪ್ರದರ್ಶನದ ಉಸ್ತುವಾರಿ ಹೊತ್ತ ಮಾನ್ಯರೇ,

ಈ ವರ್ಷದ ಪ್ರದರ್ಶನದಲ್ಲಿ ನಮ್ಮ ಗುಲಾಬಿ ಸಂಘಕ್ಕೆ ಮೇಜು ಇಲ್ಲವೆಂದು ನಿಮ್ಮ ಕಚೇರಿ ತಿಳಿಸಿದೆ. ಆ ಜಾಗದಲ್ಲಿ ಲಾರಿಯಲ್ಲಿ ತರಿಸಿದ ಗುಲಾಬಿಗಳನ್ನು ಚುಚ್ಚಿ, ಹೃದಯಾಕಾರದ ಸೆಲ್ಫಿ ಕಮಾನು ನಿಲ್ಲಿಸುತ್ತೀರಂತೆ. ಅನುಕೂಲವೇ. ಅದಕ್ಕೆ ನೀರು ಹಾಕಬೇಕಿಲ್ಲ, ಹುಳು ಹೆಕ್ಕಬೇಕಿಲ್ಲ, ಯಾರ ಮನೆಯ ಹೂವೆಂದು ಯಾರೂ ಕೇಳುವುದಿಲ್ಲ.

ಕಾರಣ ಕೇಳಲು ಬಂದಾಗ ನಿಮ್ಮ ಗುಮಾಸ್ತರು ಮರ್ಯಾದೆಯಿಂದಲೇ ಕೂರಿಸಿದರು. "ಮೇಡಂ, ನಿಮ್ ಸಂಘದಲ್ಲಿ ಈಗಿರೋದು ನೀವೊಬ್ರೇ. ಒಬ್ರಿದ್ರೆ ಅದು ಸಂಘ ಹೆಂಗಾಗುತ್ತೆ ಹೇಳಿ?" ಎಂದರು. ಎಂ.ಎ. ಮಾಡಿದ್ದೇನೆ, ಕವಿತೆ ಓದುತ್ತಲೇ ಅರ್ಧ ಆಯುಷ್ಯ ಕಳೆದಿದ್ದೇನೆ; ಆದರೂ ನಮಸ್ಕಾರ ಹೇಳಿ ಎದ್ದೆ. ಶಿರಾ ಗೇಟ್‌ವರೆಗೆ ನಡೆದೇ ಬಂದೆ. ದಾರಿಯಲ್ಲಿ ಹೊಳೆದದ್ದು ಇಷ್ಟು: ಹೂ ಬೆಳೆದವರೇ ಇಲ್ಲದ ಕಮಾನಿಗೆ ಜಾಗವಿರುವಾಗ, ಬೆಳೆದ ಒಬ್ಬಳಿಗೆ ಏಕಿಲ್ಲ?

ಒಂದು ಕಾಲಕ್ಕೆ ಗುಬ್ಬಿ, ಕುಣಿಗಲ್‌ನಿಂದಲೂ ಸದಸ್ಯರು ಬೆಳಗಿನ ಬಸ್ಸಿನಲ್ಲಿ ಹೂವನ್ನು ಯಾರಿಗೂ ತಾಗದಂತೆ ತಲೆಯ ಮೇಲೆತ್ತಿ ಹಿಡಿದು ಬರುತ್ತಿದ್ದರು. ಕೆಲವರಿಗೆ ಮಂಡಿ ನೋವು ಬಂತು, ಕೆಲವರ ಅಂಗಳಕ್ಕೆ ಪಕ್ಕದ ಕಟ್ಟಡದ ನೆರಳು ಬಂತು. ಕೊನೆಗೆ ಉಳಿದವರು ನಾನು ಮತ್ತು ಹಮೀದಾ ಆಪಾ. ನಮ್ಮಲ್ಲೊಂದು ನಿಯಮವಿದೆ: ಪ್ರದರ್ಶನ ಮುಗಿದ ಸಂಜೆ ಯಾರೂ ತಮ್ಮ ಹೂವನ್ನು ತಾವೇ ಮನೆಗೆ ಒಯ್ಯುವಂತಿಲ್ಲ, ಬದಲಾಯಿಸಿಕೊಳ್ಳಬೇಕು. ಹೋದ ವರ್ಷ ನನ್ನ ಬಿಳಿ ಗುಲಾಬಿಯ ಅಂಚನ್ನು ಹುಳು ತಿಂದಿತ್ತು. ಕೊಡಲು ಸಂಕೋಚಪಟ್ಟೆ. "ನನ್ ಹೂವ ನಾನು ದಿನಾ ನೋಡ್ತೀನಿ ಕಣೇ. ಕೊಡು ಇತ್ಲಾಗೆ. ಹುಳಕ್ಕೂ ರುಚಿ ಗೊತ್ತೈತೆ" ಎಂದು ಆಪಾ ಕಿತ್ತುಕೊಂಡರು.

ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಗ ಅರ್ಷದ್ ಅವರ ಕೆಂಪು ಗುಲಾಬಿಯ ಕುಂಡವನ್ನು ಸ್ಕೂಟರಿನಲ್ಲಿಟ್ಟು ತಂದುಕೊಟ್ಟ. "ನಮ್ ಕೈಲಿದ್ರೆ ಒಣಗೋಗುತ್ತೆ ಆಂಟಿ" ಎಂದ. ಈಗ ಅದು ಮೊಗ್ಗು ಬಿಟ್ಟಿದೆ. ದಿನದ ಮೊದಲ ಮಾತನ್ನು ನಾನು ಆಡುವುದು ಅದರೊಂದಿಗೇ. ಹಲವು ದಿನ ಕೊನೆಯ ಮಾತೂ ಅದೇ. ಮೇಜು ನಿರಾಕರಿಸಲು ನಿಮಗೆ ಇನ್ನೊಂದು ಕಾರಣ ಸಿಕ್ಕಿತೇನೋ.

ಬಹುಮಾನ ಬೇಡ, ಬ್ಯಾನರ್ ಬೇಡ. ಕಮಾನಿನ ಬೆನ್ನಿಗಾದರೂ ಸರಿ, ಎರಡು ಬಾಟಲಿ ಹಿಡಿಸುವ ಮೇಜು ಹಾಕಿಸಿ. ಒಂದರಲ್ಲಿ ನನ್ನ ಬಿಳಿ, ಇನ್ನೊಂದರಲ್ಲಿ ಆಪಾ ಹೆಸರಿನಲ್ಲಿ ಅವರ ಕೆಂಪು. ಸಂಜೆ ಅವರದನ್ನು ನಾನು ತರುತ್ತೇನೆ. ನನ್ನದನ್ನು ಕೇಳಿದವರಿಗೆ ಕೊಡುತ್ತೇನೆ. ಯಾರೂ ಕೇಳದಿದ್ದರೆ ಅಲ್ಲೇ ಬಿಟ್ಟು ಬರುತ್ತೇನೆ. ನನ್ನ ಹೂವನ್ನು ನಾನೇ ಮನೆಗೆ ಒಯ್ಯುವ ಹಾಗೆ ಮಾತ್ರ ಮಾಡಬೇಡಿ.

ಇಂತಿ, ಎಲ್ಲರ ಪರವಾಗಿ ಒಬ್ಬಳೇ,
ಅಧ್ಯಕ್ಷೆ, ಕಾರ್ಯದರ್ಶಿ ಹಾಗೂ ಸಮಸ್ತ ಸದಸ್ಯರು,
ಗುಲಾಬಿ ಸಂಘ, ತುಮಕೂರು