ಅಪ್ಪ ಹೋಗಲಿ ಅಂತ ಬಿಚ್ಚಿದ ಶೀಟು

ನಂದಿದುರ್ಗ ಗಣಿ ಲೈನ್ ಮನೆ
ಭಾನುವಾರ

ಕಾಂತರಾಜಣ್ಣನಿಗೆ,

ಫೋನ್ ಮಾಡಿದ್ರೆ ನೀನು ಎತ್ತಲ್ಲ, ಅದಕ್ಕೇ ಈ ಕಾಗದ. ನಾವು ಚೆನ್ನಾಗಿದ್ದೀವಿ ಅಂತ ಬರೆಯೋಕೆ ಮನಸ್ಸು ಬರ್ತಿಲ್ಲ.

ಅಪ್ಪ ಹೋದ ನಕ್ಷತ್ರ ಸರಿಯಿಲ್ಲ, ಜೀವ ಆಚೆ ಹೋಗೋಕೆ ಸೂರಲ್ಲಿ ದಾರಿ ಬೇಕು ಅಂತ ನೀನೇ ಏಣಿ ಹತ್ತಿ ಒಂದು ಶೀಟು ಬಿಚ್ಚಿದೆ. ಬಿಚ್ಚಿದ್ದು ಮನೇಲಿ ಇರಬಾರದು, ದೂರ ಬಿಸಾಕ್ತೀನಿ ಅಂತ ಆಟೋಲಿ ಹಾಕ್ಕೊಂಡು ಹೋದೆ. ಮೂರು ತಿಂಗಳು ಯಾರೂ ಮನೇಲಿ ಇರಬಾರದು ಅಂದವನು, ಬಂಗಾರಪೇಟೆಗೆ ಬಾ ಅಂತ ಅಮ್ಮನ್ನ ಕರೀಲಿಲ್ಲ. ಬೇರೆ ಜಾಗ ಇಲ್ಲದೆ ನಾವಿಬ್ರೂ ಇಲ್ಲೇ ಉಳಿದ್ವಿ.

ಈಗ ಮಳೆ ಹಿಡಿದಿದೆ. ಕಿಂಡಿಗೆ ಕಟ್ಟಿದ್ದ ಟಾರ್ಪಲ್ ಹದಿನೈದು ದಿನದ ಹಿಂದೆ ಗಾಳಿಗೆ ಹರೀತು. ಅಮ್ಮನ ಮಂಚ ನಾಲ್ಕು ಸಲ ಜರುಗಿಸಿದೆ, ಇನ್ನು ಮೂಲೆ ಉಳಿದಿಲ್ಲ. ಹೊಸ ಶೀಟು ಹಾಕ್ಸೋಣ ಅಂದ್ರೆ ಅಮ್ಮ ಒಪ್ಪಲ್ಲ. "ಬಿಚ್ಚಿದ ಕೈಯೇ ಮುಚ್ಬೇಕು. ಬತ್ತಾನೆ ಇರು, ಓಗಿರೋನು ನನ್ ಮಗ ತಾನೆ" ಅಂತಾಳೆ.

ಹೋದ ವಾರ ಅದನ್ನೇ ಹೇಳೋಕೆ ನಿನ್ನ ಮನೆವರೆಗೂ ಬಂದಿದ್ದೆ. ನಿನ್ನ ಸೀಮೆಹಸುಗಳ ಕೊಟ್ಟಿಗೆ ಮೇಲೆ ಆ ಶೀಟು ಕಾಣಿಸ್ತು. ತೂತಿಗೆ ಅಪ್ಪ ಹಚ್ಚಿದ್ದ ಡಾಂಬರು ಇನ್ನೂ ಅಂಟ್ಕೊಂಡಿತ್ತು. ಹಸುಗಳು ಒಣಗಿದ ಹುಲ್ಲಿನ ಮೇಲೆ ಮಲಗಿದ್ವು. ಬಾಗಿಲು ತಟ್ಟದೆ ವಾಪಸ್ ಬಂದೆ. ಅಮ್ಮನಿಗೆ ಹೇಳಿಲ್ಲ.

ಶೀಟು ನೀನೇ ಇಟ್ಕೋ. ಬೇರೆ ಯಾವುದನ್ನಾದ್ರೂ ತಂದು ನಿನ್ನ ಕೈಯಾರೆ ಮುಚ್ಚಿ ಹೋಗು. ಪುರುಸೊತ್ತು ಇಲ್ಲದಿದ್ರೆ ಬೇಡ, ಕಿಂಡಿ ಹಾಗೇ ಇರಲಿ. ಅಮ್ಮ ಹೋದಾಗ ನಿನಗೆ ಏಣಿ ಹತ್ತೋ ಕೆಲಸ ತಪ್ಪುತ್ತೆ.

ಇಂತಿ,
ಮಂಚದ ಇನ್ನೊಂದು ತುದಿ ಹಿಡಿಯೋಕೆ ಯಾರೂ ಇಲ್ಲದ ನಿನ್ನ ತಂಗಿ
ರಾಧಾಮಣಿ